ಅರ್ಥ್

ಆಕ್ಸಿಲೇಟರ್ ಒತ್ತಿದಂಗ ಏರತದ, ಕುಂಯ್ ಅಂತ,
ಕಾಲು ತೆಗೆದ್ರ ಇಳಿತದ.
ಹಾಡು ನಿಂತರೂ ಅದು ನಿಲ್ಲಂಗಿಲ್ಲ.
ವಡಗೇರಿ ತಿಪ್ಪವ್ವ ಹಿಂದಿನ ಸೀಟಿನಾಗ ಕುಂತು
ಸೆರಗು ಬೀಸ್ತಾಳ: "ಸಾಬಣ್ಣ, ನಿನ್ನ ಕ್ರೂಸರಿನಾಗ
ಸೊಳ್ಳಿ ಹೊಕ್ಕದ, ಹೊರಗ ಹಾಕೋ."

ಒಬ್ಬ ಸ್ಪೀಕರ್ ಬದಲಿಸು ಅಂದ. ಬದಲಿಸಿದೆ.
ಇನ್ನೊಬ್ಬ ಎಂಥದೋ ಫಿಲ್ಟರ್ ಹಾಕಿ ಆರುನೂರು ತಗೊಂಡ.
ಸೊಳ್ಳಿಗಿ ಪರದೆ ಕಟ್ಟಿದಂಗ ಆಯ್ತು,
ಅದು ಪರದೆ ಒಳಗೇ ಕುಂತು ಹಾಡ್ತು.

ಕಡೀಕ ಚಿತ್ತಾಪುರ ರೋಡಿನ ಮೌಲಾಲಿ ಉಸ್ತಾದ.
ತಗಡಿನ ನೆರಳು, ಕೆಳಗ ಒಡೆದ ಶಹಾಬಾದ ಪರ್ಸಿ,
ಯಾದಗಿರಿಯ ಮೇ ತಿಂಗಳು. ಕೋಟೆ ಗುಡ್ಡದ ಬಂಡಿ
ಬೆಳಗಿನಿಂದ ಕುಡಿದ ಬಿಸಿಲು ಊರಮ್ಯಾಲ ಉಗುಳಲಿಕತ್ತದ.
"ಉಸ್ತಾದ, ಸೌಂಡ್ ಬರ್ಲಿಕತ್ತದ" ಅಂದೆ.
ಕೈ ಕಿವಿಗಿ ಹಚ್ಚಿ, "ಜೋರಾಗಿ ಹೇಳು" ಅಂದ.
ಮತ್ತ ಹೇಳಿದೆ. ಪಾನಾ ಒರಸ್ತಿದ್ದ ಪೋರ ನಕ್ಕ:
"ಮೂವತ್ತು ವರ್ಷ ಬರಾತಿನ ಗಾಡಿಗಿ ಆಂಪ್ ಕಟ್ಟ್ಯಾರ್ರಿ,
ಎರಡೂ ಕಿವಿ ಅಲ್ಲೇ ಬಿಟ್ಟು ಬಂದಾರ."

ಗಾಡಿ ತಿರುವಬೇಕಂತಿದ್ದೆ, ಖರೇ ಹೇಳ್ತೀನಿ.
ಕಿವಿ ಕೇಳದವಗ ಸೊಳ್ಳಿ ಹುಡುಕಾಕ ಹಚ್ಚೋದೇನು?
ಆದ್ರ ಆಂವ ಆಗಲೇ ಬಾನೆಟ್ ಎತ್ತಿದ್ದ.

ಫ್ಯೂಜಿನ ಗೂಡಿನಾಗ ಸಿಗರೇಟಿನ ಬೇಗಡಿ.
ಎರಡು ಬೆರಳಿಂದ ಹಿಡಿದು ನನ್ನ ಮುಖಕ್ಕ ತೋರಿಸಿದ:
"ಇದು ಫ್ಯೂಜಲ್ಲ ತಮ್ಮಾ, ಬೆಂಕಿಗಿ ಬರದ ಲಗ್ನಪತ್ರ."
ಹಳೇ ಮಾಲಕನ ಕೆಲಸ ಅದು, ನಂದಲ್ಲ.
ಹೌದು ಅಂತ ಆಂವ ನಂಬಲಿಲ್ಲ.

ಆಮ್ಯಾಲ ಮ್ಯಾಟ್ ಎತ್ತಿದ. ಒಂದು ಚಪ್ಪಲಿ ಉಂಗುಷ್ಟ,
ಒಣಗಿದ ಬಾರಿಹಣ್ಣು, ಯಾರದೋ ಬಳಿಚೂರು,
ಅದರ ನಡಕ ಕೂಡಿ ಓಡಿದ ಎರಡು ವೈರು.
"ಕರೆಂಟಿಂದು, ಹಾಡಿಂದು, ಒಂದೇ ಹಾಸಿಗ್ಯಾಗ ಮಲಗಿಸ್ಯಾರ.
ಒಂದರ ಗೊರಕಿ ಇನ್ನೊಂದಕ್ಕ ನಿದ್ದಿ ಕೊಡ್ತದೇನು?"
ಹಾಡಿನ ವೈರು ಎಡಕ್ಕ ಎಳದ, ಕರೆಂಟು ಬಲಕ್ಕ ಬಿಟ್ಟ.
ನನ್ನ ಕಡಿ ನೋಡಿ ಹುಬ್ಬು ಹಾರಿಸಿದ: ಹೋಯ್ತೇನು?
ನಾ ತಲಿ ಅಲ್ಲಾಡಿಸಿದೆ. ಸಣ್ಣಾಗ್ಯದ, ಹೋಗಿಲ್ಲ.

ಆಗ ಮೀಟರ್ ತಗೊಂಡ. ಕೆಂಪು ಕಡ್ಡಿ ಆಂಪಿನ ಕರಿ ವೈರಿಗಿ,
ಕರಿ ಕಡ್ಡಿ ಬ್ಯಾಟ್ರಿ ಬುಡಕ್ಕ.
ಸೊನ್ನಿ ಇರಬೇಕಾದಲ್ಲಿ ಅರ್ಧ ವೋಲ್ಟು.
ಕಣ್ಣೀಲಿ ಕೇಳಿದವರಂಗ ಒಂದು ಗಳಿಗಿ ಸುಮ್ಮನ ಕುಂತ.
"ಅರ್ಥ್ ಇಲ್ಲ" ಅಂದ.

ನನಗ ಹತ್ತನೇತ್ತ ನೆನಪಾಯ್ತು. ಕನ್ನಡ ಮಾಸ್ತರ
ನನ್ನ ಎಬ್ಬಿಸಿ ಓದಸ್ತಿದ್ರು, ಆಮ್ಯಾಲ ಅದೇ ಮಾತು:
"ದನಿ ಚೊಲೋ ಅದ ಸಾಬಣ್ಣ, ಅರ್ಥ ಹತ್ತಿಲ್ಲ ನಿನಗ."

ಸೀಟಿನ ಬುಡಕ ಒಂದು ಬೋಲ್ಟು. ಬಿಗಿ ಅದ, ಅಲ್ಲಾಡಂಗಿಲ್ಲ,
ಅಷ್ಟು ಬಿಗಿದವ ಕೆಳಗಿನ ಬಣ್ಣ ತೆಗೆದಿಲ್ಲ.
"ಬಣ್ಣದ ಮ್ಯಾಲ ಕಟ್ಟಿದ್ರ ಬಣ್ಣಕ್ಕ ಹತ್ತತದ, ಗಾಡಿಗಿ ಅಲ್ಲ."
ಉಪ್ಪುಕಾಗದ ಹಿಡಿದು ತಿಕ್ಕಿದ. ಬಿಳಿ ಹೋಯ್ತು, ಕೆಂಪು ಬಂತು,
ಕೆಂಪಿನ ಕೆಳಗ ತುಕ್ಕು, ತುಕ್ಕಿನ ಕೆಳಗ
ಎಂಟಾಣೆ ಅಷ್ಟಗಲ ಹೊಳಿಯೋ ಕಬ್ಬಿಣ.
ಅದರ ಮ್ಯಾಲ ವೈರಿಟ್ಟು ಬೋಲ್ಟು ಕುಂದರಿಸಿದ.

"ಚಾಲೂ ಮಾಡು. ರೇಸ್ ಕೊಡು."
ಕೊಟ್ಟೆ. ಅಂಗೈ ಬಾಗಿಲಿಗಿ ಹಚ್ಚಿ ನಿಂತಿದ್ದ,
ಕೂಸಿನ ಜ್ವರ ನೋಡೋರಂಗ.
"ಏನು ಕೇಳಸ್ತದ?"
ಇಂಜಿನ್ ಬಿಟ್ಟರ, ದೂರ ಟೇಶನ್ ಕಡಿ ಒಂದು ಗೂಡ್ಸ್ ಬಿಟ್ಟರ...
ಜೋರಾಗಿ ಹೇಳಿದೆ: "ಏನೂ ಇಲ್ಲ ಉಸ್ತಾದ!"
ನಕ್ಕ. ಎಲಿಅಡಕಿ ಹಲ್ಲು.
"ನನಗೂ ಅಷ್ಟೇ ನೋಡು."

ಫ್ಯೂಜಿಗಿ ಇಪ್ಪತ್ತು, ಕೈಗಿ ನೂರು.
ಉಪ್ಪುಕಾಗದದ ರೊಕ್ಕ ಪೋರ ಬ್ಯಾಡಂದ.
ಭೀಮಾ ಪೂಲು ದಾಟೋತನಕ ಹಾಡು ಹಚ್ಚಲಿಲ್ಲ ನಾ.
ತಿಪ್ಪವ್ವ ಎರಡು ಸಲ ಕೇಳಿದಳು,
ಟೇಪ್ ಕೆಟ್ಟದೇನೋ, ಅಂತ.