ಮಂಡಕ್ಕಿ ಲೆಕ್ಕ

ಮಿಲ್ಲು ಬಾಗಿಲು ಹಾಕಿದ ಮೇಲೂ
ಸಂಘದ ಕೋಣೆಗೆ ನಾವು ಬೀಗ ಜಡಿದಿರಲಿಲ್ಲ.
ದಾವಣಗೆರೆ ಹಳೇಪೇಟೆ, ಹತ್ತಿ ಗೋದಾಮಿನ ಮಾಳಿಗೆ,
ಹದಿನಾಲ್ಕು ಮೆಟ್ಟಿಲು, ಕೊನೆಯದು ಸಡಿಲ.
ನಡಾವಳಿ ಪುಸ್ತಕ ಬರೆಯುವವನು ನಾನು.

ಆ ದಿನದ ವಿಷಯ ಒಂದೇ:
ಗೋಡೆಯ ಫೋಟೋ ಇರಬೇಕೋ, ಇಳಿಯಬೇಕೋ.
ನಮ್ಮಲ್ಲಿ ಯಾರೂ ಕಾಣದ ಗೋಧಿಯ ನಾಡಿನವನು;
ಒಂದು ಮೇ ದಿನಕ್ಕೆ ನಾವೇ ಕಾಸು ಕೂಡಿಸಿ
ಗಾಜು, ಕಟ್ಟು ಹಾಕಿಸಿ ತೂಗುಬಿಟ್ಟಿದ್ದು.
ಅವನ ಆಳ್ವಿಕೆಯಲ್ಲಿ, ಕಣಜದಂಥ ಊರುಗಳಲ್ಲೇ
ಜನ ಹುಲ್ಲು ಬೇಯಿಸಿ ತಿಂದು
ಹುಲ್ಲೂ ತೀರಿ ಸತ್ತರಂತೆ.
ಎಷ್ಟು ಲಕ್ಷ ಎಂಬಲ್ಲಿಗೇ ಮೊದಲ ಜಗಳ.

ಎದ್ದವನು ನಿಂಗೋಜಪ್ಪ, ಸ್ಪಿನ್ನಿಂಗ್ ಖಾತೆ:
"ಮಳಿ ಬರ್ಲಿಲ್ಲಂತ ನಾಯಕನ್ನ ಗಲ್ಲಿಗೇರಿಸ್ತೀರೇನು?
ಸುತ್ತ ವೈರಿಗಳು. ಕೆಳಗಿನೋರು ಸುಳ್ಳು ವರದಿ ಕಳಿಸಿದ್ರು.
ಅವನಿಗೆ ಗೊತ್ತೇ ಇರ್ಲಿಲ್ಲ."

ದುರುಗವ್ವ ಏಳಲಿಲ್ಲ, ಕೂತಲ್ಲೇ ಕೈ ಎತ್ತಿದಳು.
ಎಡಗೈಗೆ ಮೂರೇ ಬೆರಳು.
"ಇವು ಹೋದಾಗ ಮಾಲೀಕನೂ ಅದ್ನೇ ಅಂದಿದ್ದ.
ಮುಂಬಯ್ಯಾಗಿದ್ದೆ, ನಂಗೊತ್ತಿಲ್ಲ, ಅಂತ.
ಗೊತ್ತಿಲ್ದೇ ಇದ್ದದ್ದೇ ನಿನ್ನ ತಪ್ಪು
ಅಂತ ಗೇಟಿನ ಮುಂದೆ ಕೂಗಿದೋನು ನೀನೇ ಅಲ್ಲೇನೋ?
ನಲವತ್ತೊಂದು ದಿನ ನಿನ್ ಹಿಂದೆ ನಾವೂ ಕೂಗಿದ್ವಿ.
ಆ ಮಾತು ಮಾಲೀಕನಿಗೊಂದು, ಈ ಮೀಸಿಯವನಿಗೊಂದಾ?"

"ಮಾಲೀಕ ಲಾಭಕ್ಕೆ ಮಾಡ್ದ. ಇವ ನಮ್ಮಂಥೋರಿಗಾಗಿ..."
"ಹೌದಪ್ಪ. ಸಾಯೋರಿಗೆ ಅದನ್ನ ಯಾರು ಹೇಳಿದ್ರು?"

ಫ್ಯಾನು ತಿರುಗುತ್ತಿತ್ತು. ಯಾರೋ ಬೀಡಿ ಹಚ್ಚಿದರು.

ಮಂಡಕ್ಕಿ ಭಟ್ಟಿಯ ಬುಡೇನ್ ಸಾಬ್ ಅಂದ, ಬಾಗಿಲಲ್ಲೇ ನಿಂತು:
"ನಾ ಓದಿದೋನಲ್ಲ. ಹುರಿಯೋನು.
ಒಂದು ಸೇರು ಕಾಳು ಉಬ್ಬಿದ್ರೆ ಹತ್ತು ಸೇರು ಕಾಣ್ತತಿ.
ಉಬ್ಬಿದ್ದೇ ಬೆಳಿ ಅಂತ ಕಾಗದ ಮ್ಯಾಲೆ ಹೋತು,
ಮ್ಯಾಲಿನೋನು ಅದರಾಗೆ ಅರ್ಧ ಪಾಲು ಕೇಳ್ದ.
ಮಂಡಕ್ಕಿ ಅಳತಿ, ಕೊಟ್ಟಿದ್ದು ಕಾಳು.
ಮನ್ಯಾಗೆ ಏನು ಉಳೀತತಿ, ನೀವೇ ಹೇಳ್ರಿ.
ಉಬ್ಬಿಸಿದೋರು ಕೆಳಗಿನೋರೇ, ಇಲ್ಲ ಅನ್ನಲ್ಲ.
ಆದ್ರೆ ನಿಂಗೋಜಪ್ಪ, ಮೂವತ್ತು ವರ್ಷದಿಂದ ನೋಡೀನಿ,
ಮರಳು ಕಾಯದೆ ಯಾವ ಕಾಳೂ ತಾನಾಗಿ ಉಬ್ಬಲ್ಲ.
ಒಲಿ ಯಾರದು?"

ನಾನು ಬರೆದುಕೊಳ್ಳುತ್ತಿದ್ದೆ. ಒಲೆ ಎಂಬಲ್ಲಿ ಲೇಖನಿ ನಿಂತಿತು.

ಆ ನಲವತ್ತೊಂದು ದಿನ ಗಂಜಿಯ ಲೆಕ್ಕ ನನ್ನದೇ.
ಬೆಂಗಳೂರಿನಿಂದ ಹಿರಿಯರು ಬರುವ ಹಿಂದಿನ ರಾತ್ರಿ
ಇದೇ ಪುಸ್ತಕದಲ್ಲಿ, ದುಂಡು ಅಕ್ಷರದಲ್ಲಿ ಬರೆದಿದ್ದೆ:
ಮುನ್ನೂರ ಹನ್ನೆರಡು ಮನೆಗೂ ಅಕ್ಕಿ ತಲುಪಿದೆ.
ಕಡೇ ಓಣಿಯ ಒಂಬತ್ತು ಮನೆಗೆ ತಲುಪಿರಲಿಲ್ಲ.
ಗಾಳೆಮ್ಮನ ಕೂಸು ಆ ಓಣಿಯದು.
ಜ್ವರ ಎಂದು ಬರೆದೆ. ಜ್ವರವೂ ಇತ್ತು.

ನನ್ನನ್ನು ಯಾರೂ ಹೆದರಿಸಿರಲಿಲ್ಲ.
ಹಿರಿಯರು ಪುಟ ತಿರುವಿ ಶಹಬ್ಬಾಸ್ ಅಂದರು,
ಅಷ್ಟೇ. ಆ ಬಿಸಿ ಸಾಕಾಗಿತ್ತು ನನಗೆ.

ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದು
ಅಂದೂ ಬಾಯಿಗೆ ಬಂತು, ಹೊರಗೆ ಬರಲಿಲ್ಲ.
ಬುಡೇನ್ ಸಾಬ್ ನನ್ನನ್ನೇ ನೋಡುತ್ತಿದ್ದಾನೆಂದು
ನನಗೆ ಅನಿಸಿತು. ಅವನು ಗಡಿಯಾರ ನೋಡುತ್ತಿದ್ದ,
ನಮಾಜಿಗೆ ಹೊತ್ತಾಗಿತ್ತು.

ಕೈ ಎತ್ತಿಸಿದೆವು. ಅತ್ತ ಏಳು, ಇತ್ತ ಏಳು.
ನನ್ನ ಕೈ ಪುಸ್ತಕದ ಮೇಲಿತ್ತು.
ಚರ್ಚೆ ಮುಂದುವರಿಯಲಿದೆ ಎಂದು ಬರೆದು
ಹದಿನಾಲ್ಕು ಜನರ ರುಜು, ಹೆಬ್ಬೆಟ್ಟು ಹಾಕಿಸಿದೆ.

ಎಲ್ಲರೂ ಇಳಿದ ಮೇಲೆ ಹಳೆಯ ಪುಟ ಹುಡುಕಿ
ಮುನ್ನೂರ ಹನ್ನೆರಡಕ್ಕೆ ಗೀಟು ಎಳೆದು
ಮುನ್ನೂರ ಮೂರು ಎಂದು ತಿದ್ದಿದೆ,
ಪಕ್ಕದಲ್ಲಿ ಆ ದಿನದ ತಾರೀಖು.
ಗಾಳೆಮ್ಮ ಯಾವ ಊರಲ್ಲಿದ್ದಾಳೋ, ಇದ್ದಾಳೋ ಇಲ್ಲವೋ.

ಫೋಟೋ ಇನ್ನೂ ಅಲ್ಲೇ ಇದೆ.
ನಿಂಗೋಜಪ್ಪ ಮಾತ್ರ ಈಗ ಅದರ ಕೆಳಗೆ ಕೂರುವುದಿಲ್ಲ.
ಕುರ್ಚಿ ಎಳೆದುಕೊಂಡು
ಎದುರಿಗೆ ಕೂರುತ್ತಾನೆ.