ನಿದ್ದೆಯ ಕರೆಂಟು

ಮೂವತ್ತೊಂದು ವರ್ಷ
ಹನ್ನೊಂದು ಸಾವಿರ ವೋಲ್ಟಿನ ಪಕ್ಕ ಉಸಿರು ಬಿಗಿಹಿಡಿದು ನಿಂತವನು ನಾನು.
ಈಗ ಗುತ್ತಲಿನ ಮನೆಯಲ್ಲಿ, ಊಟದ ಮೇಜಿನ ಮೇಲೆ,
ಬಸ್ ಪಾಸಿನಷ್ಟಗಲದ ಹಸಿರು ಹಲಗೆ,
ಬೆನ್ನಿಗೊಂದು ಬಿಲ್ಲೆ ಸೆಲ್ಲು.
"ಮೂರೇ ವೋಲ್ಟು, ಮುಟ್ಟಿ ತಾತ," ಅಂದಳು
ಎದುರು ಮನೆ ಪುಟ್ಟಸ್ವಾಮಿ ಮಗಳು ಸಿಂಚನ, ಡಿಪ್ಲೊಮಾ ಎರಡನೇ ವರ್ಷ.
ಮುಟ್ಟಿದೆ.
ಎಡಗೈ ತಾನಾಗಿ ಜೇಬಿಗೆ ಹೋಗಿತ್ತು.
ಕಂಬ ಹತ್ತಿದವನ ಕೈ, ಅದಕ್ಕೆ ವೋಲ್ಟಿನ ಲೆಕ್ಕ ತಿಳಿಯಲ್ಲ.

ಮೊದಲ ದಿನವೆಲ್ಲ ಕೇಬಲ್ಲಿಗೆ ಹೋಯಿತು.
ಲ್ಯಾಪ್‌ಟಾಪಿಗೆ ಹಲಗೆ ಕಾಣಲೇ ಇಲ್ಲ.
ಫೋನ್ ಚಾರ್ಜರಿನ ವೈರು ಅದು, ಕರೆಂಟು ಹೊರುತ್ತೆ, ಮಾತು ಹೊರಲ್ಲ.
ನಮ್ಮ ಸಬ್‌ಸ್ಟೇಷನ್ನಿನ ಫೋನು ಇದರ ಉಲ್ಟಾ ಇತ್ತು.

ಎರಡನೇ ದಿನ ದೀಪ ಮಿಟುಕಿತು,
ಸಾಸಿವೆ ಕಾಳಿನಷ್ಟು.
ಕೆರಗೋಡಿನ ಫೀಡರು ಚಾರ್ಜಾದ ರಾತ್ರಿ
ಇಡೀ ಊರು ಕೂಗಿದ್ದನ್ನು ಕಂಬದ ಮೇಲಿಂದ ಕೇಳಿದ್ದೇನೆ.
ಈ ಮಿಟುಕಿಗೆ ನಾನೊಬ್ಬನೇ ಕೂಗಿದೆ.
ಒಳಗಿಂದ ದೇವೀರಮ್ಮ, "ಏನ್ ಸುಟ್ಕೊಂಡ್ರಿ?"

ನನಗೆ ಬೇಕಿರೋದು ಇಷ್ಟೆ:
ಭಾವಮೈದ ಬೋರೇಗೌಡನ ಪಂಪ್‌ಸೆಟ್ ಡಬ್ಬಿಯಲ್ಲಿ ಇದು ಕೂತಿರಬೇಕು,
ತ್ರೀಫೇಸು ಬಂದ ಗಳಿಗೆ ಎದ್ದು
ಅವನ ಮಂಚದ ಬಳಿಯ ಗಂಟೆಗೊಂದು ಕೂಗು ಹಾಕಿ
ಮತ್ತೆ ಮಲಗಬೇಕು. ಎರಡು ವರ್ಷ. ಒಂದೇ ಬಿಲ್ಲೆಯಲ್ಲಿ.
ರಾತ್ರಿ ಎರಡಕ್ಕೆ ಬಂದು ನಾಲ್ಕಕ್ಕೆ ಹೋಗೋ ಕರೆಂಟಿಗೆ
ಎಷ್ಟು ಜನ ನನ್ನ ಹೆತ್ತವಳನ್ನು ನೆನೆದಿಲ್ಲ!

"ನಿದ್ದೇನ ಅಳೆಯೋಣ," ಅಂದಳು, "ಜಂಪರ್ ಕೀಳಿ."
ಜಂಪರಾ?
ನನ್ನ ಜಂಪರು ತೋಳುದ್ದದ ಅಲ್ಯೂಮಿನಿಯಂ,
ಕಂಬದ ತಲೆಯಲ್ಲಿ ಗಾಳಿಗೆ ಗುಂಯ್ ಅನ್ನೋದು.
ಇದು ಅವರೆಕಾಳಿಗೂ ಚಿಕ್ಕದಾದ ಕರಿ ಟೋಪಿ;
ಕಿತ್ತದ್ದು ನೆಲಕ್ಕೆ ಬಿದ್ದು, ಅರ್ಧ ಗಂಟೆ ಪೊರಕೆ ಹಿಡಿದೆವು.
ಸಿಕ್ಕ ಮೇಲೆ ನಾನೇ ಇಟ್ಟುಕೊಂಡೆ.

ಪುಸ್ತಕದಲ್ಲಿ ಎರಡು ಮೈಕ್ರೋಆಂಪು.
ಮೈಕ್ರೋ ಅಂದರೆ, ಮೂರು ಸೇರು ರಾಗಿಯಲ್ಲಿ ಒಂದು ಕಾಳು.
ಮೀಟರು ತೋರಿಸಿದ್ದು ಮುನ್ನೂರ ಹತ್ತು.
ನಿದ್ದೆಯಲ್ಲೇ ಏನನ್ನೋ ಅಗೀತಿದೆ ಈ ಮುಂಡೇದು.
ಸೆಲ್ಲು ಬದಲಿಸಿದೆವು, ಮೀಟರು ಬದಲಿಸಿದೆವು.
ಸಿಂಚನ ಕಾಲೇಜಿಗೆ ಹೋಗಿ ಬಂದಳು, ಮತ್ತೆ ಹೋಗಿ ಬಂದಳು.
ನಾಲ್ಕನೇ ಸಂಜೆ ಓದಿ ಹೇಳಿದಳು:
"ಕೆಲಸ ಇಲ್ಲದ ಪಿನ್ನುಗಳು ಎಲ್ಲಿಗೂ ಸೇರದೆ ತೇಲ್ತಾ ಇವೆ ತಾತ.
ಹೌದೋ ಅಲ್ವೋ ಅಂತ ಅಲ್ಲಾಡ್ತಾ ಕರೆಂಟು ಕುಡೀತಾವೆ."

ಕಾಫಿ ಲೋಟ ಕೆಳಗಿಟ್ಟೆ.

ಬಸರಾಳಿನ ಆಚೆ, ಕಬ್ಬಿನ ಗದ್ದೆ ನಡುವೆ.
ಲೈನ್ ಕ್ಲಿಯರ್ ಸಿಕ್ಕಿತ್ತು. ಮೇಲೆ ಜವರಪ್ಪ, ಕೆಳಗೆ ನಾನು.
ಅರ್ಥಿಂಗ್ ರಾಡು ಜೀಪಿನಲ್ಲೇ ಉಳಿದಿತ್ತು.
"ತತ್ತೀನಿ ಇರು," ಅಂದೆ.
"ಸತ್ತ ಲೈನು ಕಣೋ, ಬಿಡು," ಅಂದ.
ಯಾವುದೋ ಛತ್ರದ ಜನರೇಟರು, ಮದುವೆ ಮನೆ,
ಹಿಂದಿನಿಂದ ಹತ್ತಿ ಬಂದಿತ್ತು ಕರೆಂಟು.
ಸತ್ತಿದ್ದು ಲೈನಲ್ಲ.

"ಎಲ್ಲಾನೂ ನೆಲಕ್ಕೆ ಕಟ್ಟು. ಒಂದನ್ನೂ ಬಿಡಬೇಡ!"
ಕೂಗಿಬಿಟ್ಟೆನೇನೋ.
ದೇವೀರಮ್ಮ ಬಾಗಿಲಿಗೆ ಬಂದು ನಿಂತಳು, ಏನೂ ಕೇಳಲಿಲ್ಲ.
ಸಿಂಚನ ತಲೆ ತಗ್ಗಿಸಿ ಹದಿನಾಲ್ಕು ಸಾಲು ಟೈಪು ಮಾಡಿದಳು.

ಮೀಟರಿನ ಅಂಕಿ ತಡವರಿಸಿ ಇಳಿಯಿತು.
ಎರಡು.
ದೀಪವಿಲ್ಲ, ಬಿಸಿಯಿಲ್ಲ. ಯಾರು ನೋಡಿದರೂ ಸತ್ತಿದೆ ಅನ್ನಬೇಕು.
ನಾನು ಅನ್ನಲಿಲ್ಲ. ಎಣಿಸಿದೆ.
ಎಂಟಕ್ಕೆ ಕಣ್ಣು ಬಿಟ್ಟು ನೋಡಿ, ಮಲಗಿತು.
ಮತ್ತೆ ಎಂಟಕ್ಕೆ.

"ಜಂಪರ್ ಕೊಡಿ ತಾತ, ಹಾಕಿಬಿಡ್ತೀನಿ."
ಎಡಗೈ ಜೇಬಿನಲ್ಲೇ ಇತ್ತು,
ಮುಷ್ಟಿಯೊಳಗೆ ಟೋಪಿ,
ಬೆವರಿಗೆ ಅಂಟಿಕೊಂಡು.