ದೌಲತಬೀ ನಂಬರು

ಶಹಾಪುರ ಬಸ್‌ಸ್ಟ್ಯಾಂಡಿನಾಗ ಛತ್ರಿ ಕೆಳಗ ಕುಂತ ಹುಡುಗ
ಸಿಮ್ ಕೊಟ್ಟ. ಹೆಬ್ಬೆಟ್ಟು ಮೂರು ಸಲ ಒತ್ತಿಸಿಕೊಂಡ.
ಹಿಟ್ಟಿನ ಕೈ, ಮಷೀನಿಗೆ ಗುರುತು ಹತ್ತಲಿಲ್ಲ,
ಸೆರಗಿಗೆ ಒರೆಸಿ ನಾಲ್ಕನೇದಕ್ಕ ನಾನು ನಾನೇ ಆದೆ.
‘ಹೊಸ ನಂಬರ್ ಅಕ್ಕಾ, ಯಾರೂ ಮುಟ್ಟಿಲ್ಲ’ ಅಂದ.

ಮುಟ್ಟಿದ್ರು.
ಅವತ್ತೇ ರಾತ್ರಿ ಸಿಲಿಂಡರ್ ಬುಕ್ ಆಯ್ತು, ನಾನು ಮಾಡಿದ್ದಲ್ಲ.
ಮರುದಿನ ಸಾಲಿಯಿಂದ: ನಿಮ್ಮ ಮಗ ಸಮೀರ್ ಇಂದು ಗೈರುಹಾಜರು.
ನನಗಿರೋವು ಎರಡೂ ಹೆಣ್ಣು.
ಆಮ್ಯಾಗ ಬ್ಯಾಂಕು: ಪ್ರಿಯ ದೌಲತಬೀ,
ನಿಮ್ಮ ಖಾತೆಯಲ್ಲಿ ಉಳಿದದ್ದು ಇನ್ನೂರ ಹನ್ನೆರಡು.
ಹೆಸರು ನೋಡ್ರಿ, ಲೆಕ್ಕ ನೋಡ್ರಿ. ನಕ್ಕೆ ಮೊದಲು.

ನಗು ಮೂರು ದಿನಕ್ಕ ಮುಗೀತು.
ಒಬ್ಬಾಕಿ ಹೆಂಗಸಿನ ಮನಿ ಪೂರ್ತಿ ನನ್ನ ಗಲ್ಲಾಪೆಟ್ಟಿಗಿ ಮ್ಯಾಲೆ
ಗುಂಯ್ ಗುಂಯ್ ಅಂತ ನಡಗ್ಲಕತ್ತಿತ್ತು:
ಫೈನಾನ್ಸಿನ ಕಂತು, ರಕ್ತದ ರಿಪೋರ್ಟು ತಯಾರದ,
ಯಾರೋ ಜೈತೂನ್ ಆಪಾ ‘ಸಿಟ್ಟಾಗಬ್ಯಾಡ’ ಅಂತ ಬರೆದದ್ದು.

ಬ್ಯಾಂಕಿಗೆ ಹೋದೆ. ಕನ್ನಡಿ ಹಿಂದಿನ ಸಾಹೇಬ
‘ಖಾತೆದಾರರೇ ಬರಬೇಕಮ್ಮ’ ಅಂದ.
ಫೋನ್ ಹಚ್ಚಿದೆ. ಕನ್ನಡಕ್ಕ ಎರಡು ಒತ್ತಿದೆ, ಪೀಪಿ ಕೇಳಿದೆ,
ಕಡೀಕ ಒಂದು ಹೆಣ್ಣುಮಗಳು ಭಾಳ ಮೆತ್ತಗ,
‘ತಾವೇ ದೌಲತಬೀ ಎಂದು ಖಚಿತಪಡಿಸಲು
ಮೊಬೈಲಿಗೆ ಬಂದ ಓಟಿಪಿ ತಿಳಿಸಿ.’
ನಾನು ಅಕಿ ಅಲ್ಲ ಅಂತ ಹೇಳ್ಲಕ
ನಾನೇ ಅಕಿ ಅಂತ ತೋರಿಸಬೇಕಂತ.

ಸಣ್ಣ ಮಗಳು ಫೋನ್ ಕಸಗೊಂಡು
‘ಪಾಸ್‌ವರ್ಡ್ ಮರೆತಿರಾ’ ಅನ್ನೋದನ್ನ ಒತ್ತಿಬಿಟ್ಲು, ಆಟಕ್ಕ.
ಆರಂಕಿ ಬಂದ್ವು. ಬಾಗಿಲಾ ತೆರೀತು.
ಕೀಲಿ ಮುರಿಲಿಲ್ಲ ಯಾರೂ;
ಕೀಲೀನೇ ಕೀಲಿಕೈ ಹಿಡಕೊಂಡು ಬಂದು ‘ಒಳಗ ಬರ್ರಿ’ ಅಂತು.
ಒಳಗ ಅಕಿ ಫೋಟೋ. ಚಾಳೀಸು, ಮೂಗಿನ ಬಲಕ್ಕ ಒಂದು ಮಚ್ಚಿ.
ಮಗಳ ಕೈಗೆ ಒಂದು ಏಟು ಹಾಕಿ ಮುಚ್ಚಿದೆ.
ನೋಡಿದ್ದು ನೋಡಿದಂಗೇ ಉಳೀತು.

ನನ್ನ ಗಿರಣ್ಯಾಗ ಇಪ್ಪತ್ತು ಡಬ್ಬಿ ಬಿಟ್ಟು ಹೋಗಿರ್ತಾರ,
ಉಗುರುಬಣ್ಣದಾಗ ಬರೆದ ಹೆಸರು, ಮುಚ್ಚಳ ಸಡಿಲು.
ಒಮ್ಮಿ ಜ್ವಾಳ ಸಜ್ಜಿ ಅದಲುಬದಲಾಗಿ
ಎರಡು ಓಣಿ ತಿರುಗಿ ಮುಟ್ಟಿಸಿ ಬಂದೆ.
ಈ ಡಬ್ಬಿ ಯಾವ ಓಣಿಗೆ ಒಯ್ಯಲಿ?

ನಿನ್ನೆ ರಾತ್ರಿ ಕರೆಂಟು ಬಂದು
ಗಿರಣಿ ಚಾಲೂ ಮಾಡೋ ಹೊತ್ತಿಗೆ ಫೋನು.
‘ಅಕ್ಕಾ, ಈ ನಂಬರ್ ಮೊದಲ ನಂದಿತ್ರಿ.
ಈಗೊಂದು ಓಟಿಪಿ ಬರ್ತದ, ಹೇಳ್ತೀರೇನು?’
ಯಾರಿಗೂ ಹೇಳಬ್ಯಾಡ್ರಿ ಅಂತ
ಕಸದ ಗಾಡೀನೂ ಒದರ್ಕೋತ ಹೋಗ್ತದ.
ಕಳ್ಳರೂ ಅಕ್ಕಾ ಅಂತಾರ.
ಮಗನ ಹೆಸರು? ಅಂದೆ. ಸಮೀರ್.
ಅದು ಯಾರಿಗರೆ ಗೊತ್ತಿದ್ದೀತು.
ಅಂವ ಎಷ್ಟು ದಿನ ಸಾಲಿ ತಪ್ಪಿಸ್ಯಾನ? ಅಂದೆ.
ಸುಮ್ಮನಾದ್ಲು.
ಆಮ್ಯಾಗ ತಿಳೀತು, ಎಂಥ ಸವಾಲು ಕೇಳಿದೆ ನಾನು!
ಆ ಸುದ್ದಿ ಅಕಿಗೆ ಹೆಂಗ ಮುಟ್ಟಬೇಕು,
ನನ್ನ ಹತ್ರ ಕುಂತಿತ್ತಲ್ಲ.

‘ತಪ್ಪಿಸ್ಯಾನಾ?’ ಅಂದ್ಲು ಸಾವಕಾಶ.
ನಾಲ್ಕು ದಿನ, ಅಂದೆ.
ಫೋನ್ ಯಾವ ಕಡಿ ಒಗೆದ್ಲೋ, ಉರ್ದುದಾಗ ಬೈಗುಳ,
ಪಾತ್ರಿ ಬಿದ್ದ ಸಪ್ಪಳ,
ಒಂದು ಹುಡುಗನ ದನಿ, ‘ಅಮ್ಮೀ ನಕ್ಕೋ, ನಕ್ಕೋ...’
ಅಷ್ಟು ಸಾಕಾಯ್ತು ನನಗ.

ಆರಂಕಿ ಹೇಳಿದೆ. ಟೈಮ್ ಮುಗಿದದಂತ.
‘ಮತ್ತೊಮ್ಮಿ ಕಳಿಸ್ತಾರ, ತಡ್ರಿ’ ಅಂದ್ಲು.
ತಡೆದೆ.
ಆ ಕಡಿ ಹುಡುಗ ಮೂಗು ಏರಿಸ್ಲಕತ್ತಿದ್ದ.
‘ಹಿಂದ ಏನ್ ಸಪ್ಪಳ ಅಕ್ಕಾ, ಗಿರಣೀನಾ?
ಜ್ವಾಳಕ್ಕ ಕಿಲೋಕ್ಕ ಎಷ್ಟ ತೊಗೋತೀರಿ?’